ಕೆಟ್ಟ ಚಿತ್ರ ಬರೆಯಲು ಬಾರದವಳು

ಆ ಊರು ಸಮುದ್ರಕ್ಕಿಂತ ಕೆಳಗಿತ್ತು. ಸಮುದ್ರ ಮೇಲೆ, ಊರು ಕೆಳಗೆ, ನಡುವೆ ಒಂದು ಮಣ್ಣಿನ ಒಡ್ಡು. ಒಡ್ಡಿನ ಮೇಲೆ ಗಾಳಿಗಿರಣಿಗಳು ತಿರುಗುತ್ತಿದ್ದವು. ತಿರುಗಿ ತಿರುಗಿ ಊರಿನ ನೀರನ್ನು ಎತ್ತಿ ಸಮುದ್ರಕ್ಕೆ ವಾಪಸು ಹಾಕುತ್ತಿದ್ದವು. ಊರಿನವರು ತಲೆ ಎತ್ತಿದರೆ ಹಡಗುಗಳ ತಳ ಕಾಣುತ್ತಿತ್ತು. ಅವರಿಗೆ ಅದು ಅಭ್ಯಾಸವಾಗಿತ್ತು.

ಅಷ್ಟು ಅಭ್ಯಾಸವಾದ ಮೇಲೆ ಉಳಿದದ್ದೂ ಅಭ್ಯಾಸವಾಗುತ್ತದೆ.

ಉಳಿದದ್ದು ಇದು. ಆ ಊರಿನಲ್ಲಿ ಚಿತ್ರ ಚೆನ್ನಾಗಿದ್ದರೆ ಹಿರಿಯ ಚಿತ್ರಗಾರನದು. ಕೆಟ್ಟದಾಗಿದ್ದರೆ ಬರೆದವರದು.

ಯಾಕೆ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಹೇಳುವುದು ಕಷ್ಟವಿರಲಿಲ್ಲ. ಹಡಗಿನಲ್ಲಿ ಬರುವ ಪರ ಊರಿನವರು ಒಂದೇ ಹೆಸರು ಕೇಳುತ್ತಿದ್ದರು. ಒಂದು ಹೆಸರು ನೆನಪಿಡುವುದು ಸುಲಭ. ಊರಿನವರು ಒಳ್ಳೆಯವರು. ಸ್ವಲ್ಪ ಸೋಮಾರಿಗಳು.

ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಮೂವರು ನೋಟಗಾರರಿದ್ದರು. ತಿಂಗಳ ಮೊದಲ ಮಂಗಳವಾರ, ಮಧ್ಯಾಹ್ನ ಹನ್ನೆರಡಕ್ಕೆ, ಚೀಸ್ ತೂಗುವ ಮನೆಯಲ್ಲಿ ಅವರು ಸೇರುತ್ತಿದ್ದರು. ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಚಿತ್ರವನ್ನು ನಿಲ್ಲಿಸಿ ಮೇಲೆ ಬಟ್ಟೆ ಮುಚ್ಚುತ್ತಿದ್ದರು. ಮೂವರೂ ಒಂದೊಂದು ತುಂಡು ಗಟ್ಟಿ ಹಳೇ ಚೀಸ್ ಬಾಯಿಗೆ ಹಾಕಿಕೊಂಡು ಜಗಿಯಲು ಶುರು ಮಾಡುತ್ತಿದ್ದರು. ಆಮೇಲೆ ಬಟ್ಟೆ ತೆಗೆಯುತ್ತಿದ್ದರು.

ದವಡೆ ನಿಂತರೆ ಚಿತ್ರ ಚೆನ್ನಾಗಿದೆ. ದವಡೆ ನಿಲ್ಲದಿದ್ದರೆ ಕೆಟ್ಟಿದೆ.

ನಿಂತರೆ ಹಗ್ಗ ಎಳೆದು ಆ ಮನೆಯ ಗಂಟೆಯನ್ನು ಒಂದು ಸಲ ಹೊಡೆಯುತ್ತಿದ್ದರು. ನಿಲ್ಲದಿದ್ದರೆ ಎರಡು ಸಲ.

ಒಂದು ಗಂಟೆ ಹೊಡೆದರೆ ಗುಮಾಸ್ತ ಚಿತ್ರದ ಮೂಲೆಯಲ್ಲಿ ಹಿರಿಯ ಚಿತ್ರಗಾರನ ಹೆಸರು ಬರೆದು, ಆ ಮನೆಯ ಗೋಡೆಗೇ ತೂಗುಹಾಕುತ್ತಿದ್ದ. ಎರಡು ಗಂಟೆ ಹೊಡೆದರೆ ಬರೆದವರ ಹೆಸರನ್ನು ಬಾಗಿಲ ಪಕ್ಕದ ಕಪ್ಪು ಹಲಗೆಗೆ ಏರಿಸುತ್ತಿದ್ದ. ಹೀಗಾಗಿ ಆ ಊರಿನಲ್ಲಿ ಹೆಸರು ಮಾಡಿದವರೆಲ್ಲ ಕೆಟ್ಟ ಚಿತ್ರಗಾರರು. ಮೇಣದಬತ್ತಿ ಮಾರುವವನ ಹೆಸರು ಹಲಗೆಯ ಮೇಲೆ ಹನ್ನೊಂದು ಸಲ ಇತ್ತು. ಅವನು ರಸ್ತೆಯಲ್ಲಿ ಎದೆ ಮುಂದೆ ಮಾಡಿಕೊಂಡು ನಡೆಯುತ್ತಿದ್ದ. ಜನ ದಾರಿ ಬಿಡುತ್ತಿದ್ದರು.

ಹಗ್ಗ ಹೊಸೆಯುವವನ ಮನೆಯ ಮಹಡಿಯಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ಒಂದು ಕೋಣೆ, ಉತ್ತರಕ್ಕೆ ಒಂದು ಕಿಟಕಿ. ಅವಳು ನಗುವವರನ್ನು ಬರೆಯುತ್ತಿದ್ದಳು. ನಗುವವರನ್ನು ಬರೆಯುವುದು ಕಷ್ಟ. ನಗು ಕೂತು ಕಾಯುವುದಿಲ್ಲ. ಅವಳು ಎದುರಿಗೆ ಕೂತವರಿಗೆ ಅರ್ಧ ಜೋಕು ಹೇಳಿ ಕುಂಚ ತೆಗೆದುಕೊಳ್ಳುತ್ತಿದ್ದಳು. ಉಳಿದರ್ಧ ಕೇಳುವ ಆಸೆಗೆ ಅವರು ಕದಲುತ್ತಿರಲಿಲ್ಲ. ಜೋಕು ಮುಗಿಯುವ ಹೊತ್ತಿಗೆ ಚಿತ್ರವೂ ಮುಗಿದಿರುತ್ತಿತ್ತು.

ಆರು ವರ್ಷ ಎಂಟು ತಿಂಗಳಲ್ಲಿ ಅವಳು ಇಪ್ಪತ್ತೆರಡು ಚಿತ್ರ ಹೊತ್ತು ತಂದಳು. ಇಪ್ಪತ್ತೆರಡು ಸಲ ದವಡೆ ನಿಂತಿತು. ಇಪ್ಪತ್ತೆರಡು ಸಲ ಒಂದೇ ಗಂಟೆ ಹೊಡೆಯಿತು.

ಮೊದಲ ಸಲ ಅವಳು ಹೇಳಿದ್ದಳು. "ಸ್ವಾಮಿ, ಇದು ನಾನು ಬರೆದದ್ದು."

ಮೊದಲನೇ ನೋಟಗಾರ ಕನಿಕರದಿಂದ ನಕ್ಕಿದ್ದ. "ಚೆನ್ನಾಗಿದೆಯಲ್ಲಮ್ಮ. ಚೆನ್ನಾಗಿದ್ದ ಮೇಲೆ ನಿನ್ನದು ಹೇಗಾಗುತ್ತೆ?"

"ನಾನೇ ಬರೆದೆ. ಈ ಕೈಯಲ್ಲೇ."

"ಹೊತ್ತು ತಂದೆಯಲ್ಲ, ಅದೇ ದೊಡ್ಡದು. ಹಿರಿಯರಿಗೆ ಮಂಡಿ ನೋವು. ನಿನಗೆ ಪುಣ್ಯ ಬರಲಿ," ಎಂದು ಎರಡನೆಯವನು ಉಳಿದ ಚೀಸನ್ನು ಕಾಗದದಲ್ಲಿ ಕಟ್ಟಿ ಕೊಟ್ಟಿದ್ದ.

ಅವಳ ಮನೆಯಲ್ಲಿ ಚೀಸಿಗೆ ಮಾತ್ರ ಬರ ಇರಲಿಲ್ಲ.

ಆ ಊರಿನಲ್ಲಿ ಇನ್ನೊಂದು ಕಟ್ಟಳೆ ಇತ್ತು. ತಗ್ಗಿನ ಊರು, ಬೆಳಕು ಕಡಿಮೆ. ಉತ್ತರದ ಕಿಟಕಿ ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕವರು ಏಳು ವರ್ಷದೊಳಗೆ ಹಲಗೆಯ ಮೇಲೆ ಹೆಸರು ತರಬೇಕು. ತರದಿದ್ದರೆ ಆ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಬೇಕು.

ಒಂದು ಬೆಳಿಗ್ಗೆ ಗಾರೆ ಮೇಸ್ತ್ರಿ ಇಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿ ಬಂದ. ಕಿಟಕಿಯ ಕೆಳಗೆ ಅಚ್ಚುಕಟ್ಟಾಗಿ ಜೋಡಿಸಿದ. ಮತ್ತೆ ಇಳಿದು ಮತ್ತೆ ಹೊತ್ತು ತಂದ.

"ಇನ್ನೂ ನಾಲ್ಕು ತಿಂಗಳಿದೆ ಮೇಸ್ತ್ರಿ," ಎಂದಳು ಚಿತ್ರಗಾರ್ತಿ.

"ಗೊತ್ತು ಅಕ್ಕ. ನೋಡ್ತಾ ನೋಡ್ತಾ ನಿಮಗೂ ಅಭ್ಯಾಸ ಆಗಲಿ ಅಂತ."

"ಕಿಟಕಿ ಮುಚ್ಚಿದರೆ ನಾನು ಬರೆಯೋದು ಎಲ್ಲಿ?"

"ದೀಪ ಹಚ್ಚಿಕೊಳ್ಳಿ."

ದೀಪದ ಬೆಳಕಿನಲ್ಲಿ ನಗು ಅಳುವಿನ ಹಾಗೆ ಕಾಣುತ್ತದೆ. ಅವಳು ಬರೆದು ನೋಡಿದ್ದಳು. ಕಿಟಕಿ ಹೋದರೆ ಚಿತ್ರ ಹೋಯಿತು. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮೇಸ್ತ್ರಿ ಇಟ್ಟಿಗೆಯ ಮೇಲೆ ಕೂತ. ಅವಳು ಕೊಟ್ಟ ಚೀಸ್ ತಿಂದ. ಅವನು ಒಳ್ಳೆಯವನು. ಮುಚ್ಚುವ ಕೆಲಸ ಅವನ ಪಾಲಿಗೆ ಬಂದಿತ್ತು, ಅಷ್ಟೇ.

"ಒಂದು ಕೆಟ್ಟ ಚಿತ್ರ ಬರೆದುಬಿಡಿ ಅಕ್ಕ," ಎಂದ. "ಒಂದೇ ಒಂದು. ಹಲಗೆ ಮೇಲೆ ಹೆಸರು ಬರುತ್ತೆ. ನಾನು ಇಟ್ಟಿಗೆ ವಾಪಸು ಹೊರ್ತೀನಿ. ನನ್ನ ಸೊಂಟ ಹೋಗುತ್ತೆ, ಹೋಗಲಿ."

"ಕೆಟ್ಟದಾಗಿ ಮಾಡೋದು ಅಷ್ಟು ಸುಲಭನಾ?"

"ನನ್ನ ಕೇಳ್ತೀರಾ? ನಾನು ಕಟ್ಟಿದ ಎರಡು ಗೋಡೆ ಬಿದ್ದಿವೆ. ಏನೂ ಕಷ್ಟ ಆಗಲಿಲ್ಲ."

ನಾಲ್ಕು ಮಂಗಳವಾರ ಉಳಿದಿದ್ದವು. ಚಿತ್ರಗಾರ್ತಿ ಕೆಟ್ಟ ಚಿತ್ರ ಬರೆಯಲು ಕೂತಳು.

ಮೊದಲ ತಿಂಗಳು ಎಡಗೈಯಲ್ಲಿ ಬರೆದಳು. ಹಗ್ಗ ಹೊಸೆಯುವವನನ್ನು ಕೂರಿಸಿ ಅರ್ಧ ಜೋಕು ಹೇಳಿದಳು. ಗೆರೆಗಳು ನಡುಗಿದವು. ಮೂಗು ನಡುಗಿತು. ನಗುವೂ ನಡುಗಿತು. ನಿಜವಾದ ನಗು ನಡುಗುತ್ತದೆ. ತೂಗುವ ಮನೆಯಲ್ಲಿ ಬಟ್ಟೆ ತೆಗೆದರು. ಮೂರನೇ ನೋಟಗಾರನ ಬಾಯಿಂದ ಚೀಸ್ ಕೆಳಗೆ ಬಿತ್ತು.

ಒಂದು ಗಂಟೆ.

"ಎಂಥ ಧೈರ್ಯ!" ಎಂದ ಮೊದಲನೆಯವನು. "ಈ ವಯಸ್ಸಿನಲ್ಲಿ ಹಿರಿಯರು ಕೈ ಬದಲಾಯಿಸಿದ್ದಾರೆ."

ಎರಡನೇ ತಿಂಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬರೆದಳು. ಹಗ್ಗ ಹೊಸೆಯುವವನ ಹೆಂಡತಿ ಎದುರಿಗೆ ಕೂತಿದ್ದಳು. ಅವಳ ನಗು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ಬಣ್ಣದ ಮೇಲೆ ಬಣ್ಣ ಬಿತ್ತು. ಕಣ್ಣು ಬಿಚ್ಚಿ ನೋಡಿದರೆ ಬರೀ ಬೂದು ಮಂಜು. ಮಂಜಿನೊಳಗೆ ಎಲ್ಲೋ ಯಾರೋ ನಗುತ್ತಿದ್ದಾರೆ. ಇದು ಕೆಟ್ಟಿತು ಎಂದು ಖುಷಿಯಿಂದ ಹೊತ್ತು ಹೋದಳು.

ಮೂರು ದವಡೆಯೂ ನಿಂತವು. ಎರಡನೇ ನೋಟಗಾರ ಕರ್ಚೀಫು ತೆಗೆದ.

"ನಮ್ಮ ಊರಿನ ಮಂಜು," ಎಂದ. "ಹುಟ್ಟಿದಾಗಿನಿಂದ ನೋಡ್ತಿದ್ದೀವಿ. ಹಿರಿಯರು ತೋರಿಸಬೇಕಾಯ್ತು."

ಒಂದು ಗಂಟೆ. ಒಂದು ಪೊಟ್ಟಣ ಚೀಸ್.

ಮೇಸ್ತ್ರಿ ಮೆಟ್ಟಿಲ ಕೆಳಗೇ ಕಾಯುತ್ತಿದ್ದ. ಅವಳ ಕೈಯಲ್ಲಿ ಪೊಟ್ಟಣ ನೋಡಿ ತಲೆ ಚಚ್ಚಿಕೊಂಡ. "ಮತ್ತೆ ಚೆನ್ನಾಗಿ ಬರೆದಿರಾ? ಹೇಳಿದ ಮಾತು ಕೇಳಬಾರದಾ ಅಕ್ಕ? ಬಲ್ಲವರ ಹತ್ರ ಹೋಗಿ ಕಲಿತುಕೊಳ್ಳಿ."

ಬಲ್ಲವನು ಮೇಣದಬತ್ತಿ ಮಾರುವವನು. ಮೂರನೇ ತಿಂಗಳು ಅವನ ಅಂಗಡಿಗೆ ಹೋದಳು.

"ಯಜಮಾನರೇ, ಹಲಗೆಯ ಮೇಲೆ ಹೆಸರು ತರೋದು ಹೇಗೆ?"

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಈ ಪ್ರಶ್ನೆಗಾಗಿ ಅವನು ಹನ್ನೊಂದು ಚಿತ್ರದಿಂದ ಕಾಯುತ್ತಿದ್ದ.

"ಮೊದಲನೇ ಪಾಠ. ಎದುರಿಗೆ ಇರೋದನ್ನ ನೋಡಬೇಡ. ನೋಡಿದೆಯೋ ಕೆಟ್ಟೆ. ಸೇಬು ಹೇಗಿರುತ್ತೆ ಅಂತ ನಿನಗೆ ಗೊತ್ತಿಲ್ವಾ? ಗುಂಡಗೆ, ಕೆಂಪಗೆ. ಬರಿ."

"ಆಮೇಲೆ?"

"ಜನ ಏನಂತಾರೆ ಅಂತ ಯೋಚಿಸ್ತಾ ಬರಿ. ಬೇರೆ ಏನೂ ಯೋಚಿಸಬೇಡ."

"ಆಮೇಲೆ?"

"ಮುಗಿದ ಮೇಲೂ ನಿಲ್ಲಿಸಬೇಡ. ಅದು ಬಹಳ ಮುಖ್ಯ. ಎಲ್ಲರೂ ಅಲ್ಲೇ ತಪ್ಪೋದು."

ಒಳ್ಳೆಯ ಪಾಠ. ಅವಳು ಮನೆಗೆ ಬಂದು ನೋಡದೆ ಸೇಬು ಬರೆಯಲು ಕೂತಳು. ಗುಂಡಗೆ, ಕೆಂಪಗೆ. ಚೆನ್ನಾಗಿ ಕೆಡುತ್ತಿತ್ತು. ಅಷ್ಟರಲ್ಲಿ ಗುರು ಶಿಷ್ಯೆಯ ಕೆಲಸ ನೋಡಲು ಮೆಟ್ಟಿಲು ಹತ್ತಿ ಬಂದ. ಇಟ್ಟಿಗೆಯ ರಾಶಿಯ ಮೇಲೆ ಕೂತ. ಎದೆ ಮುಂದೆ ಮಾಡಿದ. ಅಂಗಿಯ ಒಂದು ಗುಂಡಿ ಹೋಗಿತ್ತು. ಹುಬ್ಬಿನ ಮೇಲೆ ಮೇಣ ಹತ್ತಿತ್ತು. ಉತ್ತರದ ಬೆಳಕು ಆ ಮೇಣದ ಮೇಲೆ ಬಿತ್ತು.

ಅವಳು ನೋಡಿಬಿಟ್ಟಳು.

ಮಂಗಳವಾರ ಬಟ್ಟೆ ತೆಗೆದಾಗ ದವಡೆಗಳು ನಿಂತದ್ದಷ್ಟೇ ಅಲ್ಲ, ನೋಟಗಾರರು ಗಂಟೆ ಹೊಡೆಯುವುದನ್ನೂ ಮರೆತರು. ಮೇಣದಬತ್ತಿಯವನು ತನ್ನ ಮುಖದ ಎದುರು ನಿಂತು ಗಳಗಳ ಅತ್ತ. "ಹಿರಿಯರು ನನ್ನನ್ನೂ ಬರೆದರು!" ಎಂದ. ಆ ದಿನ ಊರಿಗೆಲ್ಲ ಬಿಟ್ಟಿ ಮೇಣದಬತ್ತಿ ಹಂಚಿದ. ಚಿತ್ರಗಾರ್ತಿಗೂ ಎರಡು ಕೊಟ್ಟ.

"ನಾನು ಹೇಳಿಕೊಟ್ಟದ್ದು ಏನಾಯ್ತು?" ಎಂದು ಕೇಳಿದ.

"ನೀವು ಬರದೇ ಇದ್ದಿದ್ದರೆ ಆಗ್ತಿತ್ತು," ಎಂದಳು.

ಒಂದು ಮಂಗಳವಾರ ಉಳಿಯಿತು.

ಹಿರಿಯ ಚಿತ್ರಗಾರ ಕಾಲುವೆಯ ದಂಡೆಯ ಬಿಯರ್ ಅಂಗಡಿಯಲ್ಲಿ ಕೂರುತ್ತಿದ್ದ. ಬೆಳಿಗ್ಗೆ ಕೂತರೆ ಸಂಜೆ ಏಳುತ್ತಿದ್ದ. ಹದಿನೆಂಟು ವರ್ಷದಿಂದ ಕುಂಚ ಮುಟ್ಟಿರಲಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಾರೆ ಎಂದು ಊರಿನವರು ನಂಬಿದ್ದರು. ಒಂದು ಗಂಟೆ ಹೊಡೆದಾಗಲೆಲ್ಲ ಊರಿನವರು ಅವನಿಗೆ ಒಂದು ಪೀಪಾಯಿ ಬಿಯರ್ ಕಳಿಸುತ್ತಿದ್ದರು. ಅವನು ಕುಡಿಯುತ್ತಿದ್ದ.

ಚಿತ್ರಗಾರ್ತಿ ಹೋಗಿ ಎದುರಿಗೆ ಕೂತಳು.

"ಅಜ್ಜ, ನಿಮ್ಮ ಚಿತ್ರ ಬರೆಯೋಳು ನಾನು."

ಅಜ್ಜ ಮಗ್ಗು ಕೆಳಗಿಟ್ಟ. ಅವಳ ಉಗುರಿನಲ್ಲಿದ್ದ ಬಣ್ಣ ನೋಡಿದ.

"ಮೀನು ತಿನ್ನುತ್ತಾ ನಗೋ ಮುದುಕಿ?"

"ನಂದು."

"ಡೋಲು ಬಡಿಯೋ ಕುಂಟ?"

"ನಂದು."

"ಮಂಜು?"

"ಅದೂ ನಂದೇ. ಕಣ್ಣು ಕಟ್ಟಿಕೊಂಡು ಬರೆದೆ."

ಅಜ್ಜ ಮಗ್ಗನ್ನು ಪಕ್ಕಕ್ಕೆ ಸರಿಸಿದ. "ಮಂಜು ಮಾತ್ರ ನಂದೇ ಇರಬೇಕು ಅಂದುಕೊಂಡಿದ್ದೆ," ಎಂದ. "ಕುಡಿದಾಗ ಯಾವಾಗಲೋ ಬರೆದಿರಬೇಕು ಅಂತ."

"ಅವರಿಗೆ ಹೇಳಿ ಅಜ್ಜ."

"ಹೇಳಿದ್ದೆ. ಮೊದಲನೇ ವರ್ಷವೇ ಹೇಳಿದ್ದೆ. ಎಂಥ ವಿನಯ ಅಂದರು. ಎರಡು ಪೀಪಾಯಿ ಕಳಿಸಿದರು."

"ಆಮೇಲೆ?"

"ಆಮೇಲೆ ಹೇಳಲಿಲ್ಲ."

"ಯಾಕೆ?"

"ಬಿಯರ್ ಚೆನ್ನಾಗಿತ್ತು."

ಅವನು ಸುಳ್ಳು ಹೇಳುವವನಲ್ಲ. ಅವಳು ಬೈಯಲು ಬಂದಿದ್ದಳು. ಬೈಯಲಿಲ್ಲ. ಕಿಟಕಿಯ ವಿಷಯ ಹೇಳಿದಳು. ಇಟ್ಟಿಗೆಯ ವಿಷಯ ಹೇಳಿದಳು. ಎಡಗೈಯ ವಿಷಯ ಹೇಳುವಾಗ ಅಜ್ಜನಿಗೆ ನಗು ಬಂತು. ಅವಳಿಗೂ ಬಂತು.

"ಒಂದು ಕೆಟ್ಟ ಚಿತ್ರ ಬೇಕು, ಅಷ್ಟೇ ತಾನೆ?" ಎಂದ ಅಜ್ಜ. "ನಾನು ಬರೆದುಕೊಡ್ತೀನಿ. ನೀನು ನಂದು ಅನ್ನು. ನನ್ನ ಕೈ ನಡುಗುತ್ತೆ, ಕಣ್ಣು ಮಂಜು. ಖಂಡಿತ ಕೆಡುತ್ತೆ."

"ನಿಮ್ಮದನ್ನು ನಂದು ಅನ್ನೋದಾ?"

"ನಾನು ನಿನ್ನವು ಇಪ್ಪತ್ತೈದು ಕುಡಿದಿದ್ದೀನಿ. ನೀನು ಒಂದು ತಗೋ."

ಅಂಗಡಿಯ ಬಾಗಿಲಲ್ಲಿ ಒಂದು ನಾಯಿ ಮಲಗಿತ್ತು. ಅಜ್ಜ ಅದನ್ನು ಬರೆದ. ಮೂರು ದಿನ ಬೇಕಾಯಿತು. ಮೂರೂ ದಿನ ಕುಡಿಯಲಿಲ್ಲ. ನಾಯಿಗೆ ಐದು ಕಾಲಿರುವ ಹಾಗೆ ಕಾಣುತ್ತಿತ್ತು. ಎಣಿಸಿದರೆ ನಾಲ್ಕೇ ಇದ್ದವು.

ಕೊನೆಯ ಮಂಗಳವಾರ ಊರೆಲ್ಲ ತೂಗುವ ಮನೆಗೆ ಬಂದಿತ್ತು. ಚಿತ್ರ ಹೊರುವ ಹೆಂಗಸಿನ ಕಿಟಕಿಗೆ ಇದೇ ಕೊನೆಯ ದಿನ ಎಂದು ಎಲ್ಲರಿಗೂ ಗೊತ್ತಿತ್ತು. ಗಾರೆ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಗಾರೆ ಬಳಿಯುವ ಕರಣೆ, ಕಾಲ ಬಳಿ ಕಲಸಿದ ಸುಣ್ಣದ ಬಕೆಟ್ಟು. ಕಿಟಕಿ ಮುಚ್ಚಲೂ ಬಿಡಲೂ ತಯಾರಾಗಿದ್ದ.

ಚಿತ್ರವನ್ನು ತಕ್ಕಡಿಯಲ್ಲಿ ಇಟ್ಟರು. ಮೂವರೂ ಚೀಸ್ ಬಾಯಿಗೆ ಹಾಕಿಕೊಂಡರು. ಜಗಿಯಲು ಶುರು ಮಾಡಿದರು. ಬಟ್ಟೆ ತೆಗೆದರು.

ನಾಯಿ.

ಅವರು ಜಗಿದರು. ಜಗಿಯುತ್ತಲೇ ಇದ್ದರು. ಮೊದಲನೆಯವನು ನುಂಗಿದ. ಎರಡನೆಯವನು ಇನ್ನೊಂದು ತುಂಡು ಕೇಳಿ ಹಾಕಿಕೊಂಡ. ಮೂರನೆಯವನು ಆಕಳಿಸಿದ, ಆಕಳಿಸುತ್ತಲೂ ಜಗಿದ.

ಎರಡು ಗಂಟೆ.

ಊರು ಹೋ ಎಂದಿತು. ಹಗ್ಗದವನ ಹೆಂಡತಿ ಅತ್ತಳು. ಮೇಸ್ತ್ರಿ ಕರಣೆಯನ್ನು ಮೇಲಕ್ಕೆ ಎಸೆದು ಹಿಡಿದ. "ಕೆಟ್ಟಿತು ಅಕ್ಕ, ಕೆಟ್ಟಿತು! ಕಿಟಕಿ ಉಳೀತು!" ಎಂದು ಕೂಗಿದ. ಗುಮಾಸ್ತ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ.

"ಹೆಸರು ಹೇಳಮ್ಮ."

ಹೆಸರು ಹೇಳಿದರೆ ಮುಗಿಯಿತು. ಒಂದು ಮಾತು. ಕಿಟಕಿ ಉಳಿಯುತ್ತದೆ, ಬೆಳಕು ಉಳಿಯುತ್ತದೆ, ಇನ್ನೂ ನೂರು ಜನ ಆ ಬೆಳಕಿನಲ್ಲಿ ಕೂತು ನಗಬಹುದು. ಅವಳು ಬಾಯಿ ತೆರೆದಳು. ಆಗ ಅವಳ ಕಣ್ಣು ಇನ್ನೊಂದು ಸಲ ನಾಯಿಯ ಮೇಲೆ ಬಿತ್ತು.

"ಈ ಕಾಲು ನಂದಲ್ಲ," ಎಂದಳು.

"ಯಾವ ಕಾಲು?"

"ಹಿಂದಿನ ಎಡಗಾಲು. ನಾಯಿ ಹೀಗೆ ಮಲಗಲ್ಲ. ಇಂಥ ಕಾಲನ್ನ ನಾನು ಬರೆಯೋಳಲ್ಲ. ಇದು ನನ್ನ ಚಿತ್ರ ಅಲ್ಲ ಸ್ವಾಮಿ."

"ಅಕ್ಕಾ!" ಮೇಸ್ತ್ರಿ ಕಿರುಚಿದ. "ನಾಯಿ ಹೇಗಾದರೂ ಮಲಗಲಿ! ನಿಮಗ್ಯಾಕೆ?"

ಅವಳು ಬಾಯಿ ಮುಚ್ಚಿಕೊಂಡಳು. ಆದರೆ ಮಾತು ಹೊರಗೆ ಬಂದಾಗಿತ್ತು.

"ಹಾಗಾದರೆ ಯಾರದು?" ಎಂದ ಮೊದಲನೇ ನೋಟಗಾರ.

"ನಂದು."

ಜನ ತಿರುಗಿ ನೋಡಿದರು. ಬಾಗಿಲಲ್ಲಿ ಹಿರಿಯ ಚಿತ್ರಗಾರ ಕೋಲು ಊರಿ ನಿಂತಿದ್ದ. ಬಿಯರ್ ಅಂಗಡಿಯಿಂದ ಅಷ್ಟು ದೂರ ಅವನು ನಡೆದದ್ದನ್ನು ಹದಿನೆಂಟು ವರ್ಷದಲ್ಲಿ ಯಾರೂ ಕಂಡಿರಲಿಲ್ಲ.

ಎರಡನೇ ನೋಟಗಾರನ ಬಾಯಲ್ಲಿ ಇನ್ನೂ ಚೀಸ್ ಇತ್ತು. ಅವನ ದವಡೆ ನಿಂತಿತು.

ಮೊದಲನೆಯವನು ಚಿತ್ರದ ಹತ್ತಿರ ಹೋದ. ಬಗ್ಗಿದ. "ತಡೀರಿ, ತಡೀರಿ," ಎಂದ. "ಆ ಕಾಲು ನೋಡಿ. ಎಂಥ ಕಾಲು!"

"ಇರೋದು ನಾಲ್ಕು, ಕಾಣೋದು ಐದು," ಎಂದ ಎರಡನೆಯವನು. "ಬೇರೆ ಯಾರಿಗೆ ಬರುತ್ತೆ ಇದು?"

"ನನಗೆ ಆರು ಕಾಣ್ತಿದೆ," ಎಂದ ಮೂರನೆಯವನು. ಅವನ ಕಣ್ಣಲ್ಲಿ ನೀರು.

ಮೊದಲನೆಯವನು ಮತ್ತೆ ಗಂಟೆ ಹೊಡೆಯಲು ಹಗ್ಗಕ್ಕೆ ಕೈ ಹಾಕಿದ. ಅಜ್ಜ ಮಂಡಿ ನೋವು ಮರೆತು ಮುಂದೆ ಬಂದು ಆ ಹಗ್ಗವನ್ನು ಹಿಡಿದುಕೊಂ‌ಡ.

"ಮುಟ್ಟಬೇಡ. ಎರಡು ಹೊಡೆದಾಯ್ತು. ಒಡ್ಡಿನ ಮೇಲಿರೋರಿಗೂ ಕೇಳಿದೆ. ಚಿತ್ರ ಕೆಟ್ಟಿದೆ."

"ಎಂಥ ವಿನಯ..."

"ವಿನಯ ಅಲ್ಲ ಕಣಯ್ಯ, ಕಾಲು! ಕಾಲು ನೋಡು!" ಅಜ್ಜ ಕೋಲಿನಿಂದ ನೆಲ ಕುಟ್ಟಿದ. ಆಮೇಲೆ ಚಿತ್ರಗಾರ್ತಿಯ ಕಡೆ ತಿರುಗಿದ. "ನೀನು ಹೇಳು ತಾಯಿ. ಹೇಗಿದೆ?"

"ಕೆಟ್ಟಿದೆ ಅಜ್ಜ."

"ಎಷ್ಟು?"

"ಬಹಳ. ಕಿವಿ ಪರವಾಗಿಲ್ಲ."

ಅಜ್ಜ ಅವಳನ್ನೇ ನೋಡಿದ. ಹದಿನೆಂಟು ವರ್ಷದಿಂದ ಅವನಿಗೆ ಯಾರೂ ಹೀಗೆ ಹೇಳಿರಲಿಲ್ಲ. "ಕಿವಿ ಪರವಾಗಿಲ್ಲವಾ?" ಎಂದು ಮತ್ತೆ ಕೇಳಿದ.

"ಪರವಾಗಿಲ್ಲ. ನಾಯಿ ಏನೋ ಕೇಳಿಸಿಕೊಳ್ತಿರೋ ಹಾಗಿದೆ."

ಅಜ್ಜ ನಕ್ಕ. ಹೊಟ್ಟೆ ಕುಣಿಯುವ ಹಾಗೆ ನಕ್ಕ. ಅಭ್ಯಾಸಬಲದಿಂದ ಅವಳು ಮೇಲಂಗಿಯ ಜೇಬಿನಲ್ಲಿ ಕುಂಚ ಹುಡುಕಿದಳು.

"ಬರಿ," ಎಂದ ಅಜ್ಜ ಗುಮಾಸ್ತನಿಗೆ. "ಕೆಟ್ಟಿದ್ದರೆ ಬರೆದವರದು. ಬರೆದವನು ನಾನು."

ಗುಮಾಸ್ತನಿಗೆ ಇಷ್ಟವಿರಲಿಲ್ಲ. ಆದರೂ ಬರೆದ. ಹಲಗೆಯ ಮೇಲೆ, ಮೇಣದಬತ್ತಿಯವನ ಹನ್ನೊಂದು ಹೆಸರುಗಳ ಕೆಳಗೆ, ಹಿರಿಯ ಚಿತ್ರಗಾರನ ಹೆಸರು ಬಂತು. ಮೇಣದಬತ್ತಿಯವನು ಬಂದು ಅವನ ಕೈ ಹಿಡಿದು ಕುಲುಕಿದ. "ಇನ್ನು ಹತ್ತು ಬರೆದರೆ ನನ್ನ ಸಮಕ್ಕೆ ಬರ್ತೀರಿ," ಎಂದು ಧೈರ್ಯ ಹೇಳಿದ.

ನೋಟಗಾರರು ಕಂಗಾಲಾದರು. ಹಿರಿಯರು ಕೆಟ್ಟದ್ದು ಬರೆದ ಮೇಲೆ ಒಳ್ಳೆಯದನ್ನು ಬರೆದವರು ಯಾರು? ಗೋಡೆಯ ತುಂಬ ಒಳ್ಳೆಯ ಚಿತ್ರಗಳು ನಗುತ್ತಿದ್ದವು. ಅವು ಯಾರಿಗೂ ಸೇರದೆ ತೂಗುತ್ತಿದ್ದವು. ಮೂವರೂ ಮುಖ ಮುಖ ನೋಡಿಕೊಂಡರು. ಜಗಿಯದೆ ನೋಡಿ ಅವರಿಗೆ ಗೊತ್ತಿರಲಿಲ್ಲ.

ಮೇಸ್ತ್ರಿ ಬಕೆಟ್ಟು ದಾಟಿ ಒಳಗೆ ಬಂದ. ಒಂದು ಚಿತ್ರದ ಮುಂದೆ ನಿಂತ. ಇನ್ನೊಂದರ ಮುಂದೆ ನಿಂತ. ಕರಣೆಯ ತುದಿಯಿಂದ ತೋರಿಸಿದ.

"ಈ ಗೋಡೆ ನಂದು," ಎಂದ.

"ಯಾವ ಗೋಡೆ?"

"ಈ ಮುದುಕಿ ಹಿಂದೆ ಇರೋದು. ನಾನು ಗಾರೆ ಮಾಡಿದ್ದು. ಆ ದಿನ ನನಗೆ ಹಲ್ಲುನೋವು. ಇಲ್ಲಿ ನೋಡಿ, ಕರಣೆ ಜಾರಿದೆ. ಈ ಕುಂಟನ ಹಿಂದೆ ನೋಡಿ, ಜಾರಿದೆ. ಇಲ್ಲೂ ಜಾರಿದೆ. ಇಂಥ ತಪ್ಪು ನಾನು ಊರಲ್ಲಿ ಒಂದೇ ಕಡೆ ಮಾಡಿರೋದು. ಅಕ್ಕನ ಕೋಣೆಯಲ್ಲಿ." ಅಜ್ಜನ ಕಡೆ ತಿರುಗಿದ. "ಹಿರಿಯರು ಆ ಮೆಟ್ಟಿಲು ಯಾವತ್ತಾದರೂ ಹತ್ತಿದ್ದೀರಾ?"

"ಹತ್ತಲು ಮಂಡಿ ಎಲ್ಲಿದೆ?" ಎಂದ ಅಜ್ಜ.

"ಮಂಜಿನ ಚಿತ್ರದಲ್ಲಿ ಗೋಡೆ ಕಾಣೋದಿಲ್ಲವಲ್ಲ?" ಎಂದ ಮೂರನೇ ನೋಟಗಾರ. ಅವನಿಗೆ ಇನ್ನೂ ಆಸೆ ಇತ್ತು.

"ಮಂಜಿನ ಹಿಂದೆ ಇರುತ್ತೆ ಸ್ವಾಮಿ. ಗೋಡೆ ಎಲ್ಲಿಗೆ ಹೋಗುತ್ತೆ?"

ಜನ ಗೋಡೆ ನೋಡಲು ನುಗ್ಗಿದರು. ಅಷ್ಟು ವರ್ಷ ಮುಖ ನೋಡಿದವರು ಯಾರೂ ಗೋಡೆ ನೋಡಿರಲಿಲ್ಲ. ಈಗ ಒಬ್ಬೊಬ್ಬರೂ ಬೆರಳಿಟ್ಟು ಜಾರಿದ ಗುರುತು ಹುಡುಕಿದರು. ಇಲ್ಲಿದೆ, ಇಲ್ಲಿದೆ ಎಂದರು. ಮೇಸ್ತ್ರಿಗೆ ಅಷ್ಟು ಹೆಮ್ಮೆ ಯಾವ ನೆಟ್ಟಗಿನ ಗೋಡೆಯಿಂದಲೂ ಆಗಿರಲಿಲ್ಲ.

ಆ ಮಧ್ಯಾಹ್ನವೆಲ್ಲ ಗುಮಾಸ್ತ ಏಣಿ ಹತ್ತಿ ಇಳಿದ. ಇಪ್ಪತ್ತೈದು ಸಲ ಹಳೇ ಹೆಸರು ಕೆರೆದ. ಇಪ್ಪತ್ತೈದು ಸಲ ಹೊಸ ಹೆಸರು ಬರೆದ. ಲೈಸ್ಬೆತ್. ಇಪ್ಪತ್ತೈದು ಹೆಸರಿದ್ದವಳ ಕಿಟಕಿ ಮುಚ್ಚಬೇಕೇ ಎಂದು ಮೇಸ್ತ್ರಿ ಕೇಳಿದ. ಕಟ್ಟಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಉತ್ತರ ಬರುವ ಮೊದಲೇ ಅವನು ಇಟ್ಟಿಗೆ ಇಳಿಸಲು ಹೋದ. ಆ ಇಟ್ಟಿಗೆಗಳಿಂದ ಬಿಯರ್ ಅಂಗಡಿಯ ಮುಂದೆ ಅಜ್ಜನಿಗೆ ಕೂರಲು ಒಂದು ಕಟ್ಟೆ ಕಟ್ಟಿದ. ಅದು ಇನ್ನೂ ಬಿದ್ದಿಲ್ಲ.

ಬಿಟ್ಟಿ ಪೀಪಾಯಿ ನಿಂತಿತು. ಅಜ್ಜ ಈಗ ಕಟ್ಟೆಯ ಮೇಲೆ ಕೂತು ದಿನಾ ನಾಯಿ ಬರೆಯುತ್ತಾನೆ. ಸಂಜೆ ಚಿತ್ರಗಾರ್ತಿ ಬಂದು ಕಾಲು ನೋಡಿ ಕೆಟ್ಟಿದೆ ಎನ್ನುತ್ತಾಳೆ. ಅವನಿಗೆ ಸಂತೋಷವಾಗುತ್ತದೆ.

ಆದರೆ ಊರು ಊರೇ. ಹಿರಿಯರಿಲ್ಲದೆ ಅದಕ್ಕೆ ನಿದ್ದೆ ಬರುವುದಿಲ್ಲ. ಒಂದು ವಾರ ನೋಡಿದರು. ಎಂಟನೇ ದಿನ ಮೂವರು ನೋಟಗಾರರು ಅಗಲವಾದ ಕಪ್ಪು ಟೋಪಿಯೊಂದನ್ನು ಹೊತ್ತು ಹಗ್ಗದವನ ಮನೆಯ ಮೆಟ್ಟಿಲು ಹತ್ತಿದರು.

"ಇನ್ನು ಮೇಲೆ ಹಿರಿಯರು ನೀವೇ," ಎಂದ ಮೊದಲನೆಯವನು. "ಚೆನ್ನಾಗಿರೋದೆಲ್ಲ ನಿಮ್ಮದು."

"ನಾನು ಬರೆಯದೇ ಇದ್ದದ್ದೂ?"

"ಚೆನ್ನಾಗಿದ್ದ ಮೇಲೆ ಬರೆದೇ ಇರುತ್ತೀರಿ."

ಬೇಡ ಎಂದರೆ ಎಂಥ ವಿನಯ ಎನ್ನುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಟೋಪಿ ತೆಗೆದುಕೊಂಡು ಹಾಕಿಕೊಂಡಳು. ದೊಡ್ಡದಾಗಿತ್ತು, ಕಿವಿಯವರೆಗೆ ಬಂತು.

ತಿಂಗಳ ಮೊದಲ ಮಂಗಳವಾರ ಬಂತು. ಹೊಸ ಹಿರಿಯಳಿಗೆ ತಕ್ಕಡಿಯ ಪಕ್ಕದಲ್ಲಿ ಕುರ್ಚಿ ಹಾಕಿದ್ದರು. ಒಂದು ಸಣ್ಣ ಚಿತ್ರ ಬಂದಿತ್ತು. ಯಾರು ತಂದಿಟ್ಟರೋ ಯಾರೂ ಗಮನಿಸಿರಲಿಲ್ಲ. ಬಟ್ಟೆ ತೆಗೆದರು.

ಒಂದು ಮಣ್ಣಿನ ಬಟ್ಟಲು. ಅದರಲ್ಲಿ ಮೂರು ಈರುಳ್ಳಿ. ಒಂದರ ಸಿಪ್ಪೆ ಅರ್ಧ ಬಿಟ್ಟಿತ್ತು.

ದವಡೆಗಳು ನಿಂತವು. ಮೂರನೆಯವನಿಗೆ ಚೀಸ್ ನೆತ್ತಿಗೆ ಹತ್ತಿ ಬೆನ್ನು ಗುದ್ದಬೇಕಾಯಿತು. ಒಂದು ಗಂಟೆ ಹೊಡೆಯಿತು. ಗುಮಾಸ್ತ ತಲೆ ಎತ್ತದೆ ಕುಂಚ ಅದ್ದಿ ಚಿತ್ರದ ಮೂಲೆಗೆ ಒಯ್ದ. ಆ ಹೆಸರು ಅವನಿಗೆ ಈಗ ಬಾಯಿಪಾಠವಾಗಿತ್ತು.

ಚಿತ್ರಗಾರ್ತಿ ಈರುಳ್ಳಿಗಳನ್ನು ನೋಡಿದಳು. ಅಂಥ ಈರುಳ್ಳಿ ಅವಳು ಬರೆದಿರಲಿಲ್ಲ. ಆ ಸಿಪ್ಪೆ ಮುಟ್ಟಿದರೆ ಸದ್ದು ಮಾಡುವ ಹಾಗಿತ್ತು. ಸುಮ್ಮನೆ ಕೂತಿದ್ದರೆ ಅದು ಅವಳದಾಗುತ್ತಿತ್ತು. ಸಂಜೆ ಒಂದು ಪೀಪಾಯಿಯೂ ಬರುತ್ತಿತ್ತು. ಒಂದು ಗಳಿಗೆ ಅವಳು ಸುಮ್ಮನೆ ಕೂತಳು. ಅಜ್ಜ ಹದಿನೆಂಟು ವರ್ಷ ಯಾಕೆ ಕುಡಿದ ಎಂದು ಅವಳಿಗೆ ಅರ್ಥವಾಯಿತು.

"ತಡೀರಿ," ಎಂದಳು. "ಇದನ್ನು ಬರೆದವರು ಯಾರು?"

ಗುಮಾಸ್ತನ ಕೈ ನಿಂತಿತು. ಚಿತ್ರ ಚೆನ್ನಾಗಿದ್ದಾಗ ಆ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನೋಟಗಾರರು ಅವಳನ್ನು ನೋಡಿದರು. ಜನ ಒಬ್ಬರನ್ನೊಬ್ಬರು ನೋಡಿದರು.

ಬಾಗಿಲ ಹೊರಗಿನಿಂದ ಒಬ್ಬಳು ಮೀನು ಮಾರುವವಳು ತಲೆ ಒಳಗೆ ಹಾಕಿದಳು. ಸೊಂಟದ ಮೇಲೆ ಬುಟ್ಟಿ, ಮೊಣಕೈವರೆಗೆ ಮೀನಿನ ಪೊರೆ.

"ನಾನೇ," ಎಂದಳು. "ಏನೀಗ?"

"ಏನಿಲ್ಲ. ಚೆನ್ನಾಗಿದೆ. ನಿನ್ನ ಹೆಸರು ಹೇಳು, ಬರೀಬೇಕು."

ಮೀನಿನವಳು ಮೂವರು ನೋಟಗಾರರನ್ನು ನೋಡಿದಳು, ಗುಮಾಸ್ತನನ್ನು ನೋಡಿದಳು, ಟೋಪಿ ನೋಡಿದಳು. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡಳು.

"ಆನ್ನೆಕೆ," ಎಂದಳು. "ಬೇಗ ಬರ್ಕೊಳ್ಳಿ. ಮೀನು ಬಿಸಿಲಲ್ಲಿದೆ."